ಆಪ್ ಮಾಡೋದು ಕಲಿಯಬೇಕು, ಏನೂ ಗೊತ್ತಿಲ್ಲ, ಲ್ಯಾಪ್‌ಟಾಪ್ 4 ಜಿಬಿ. ಎಲ್ಲಿಂದ ಶುರು ಮಾಡಲಿ?

ಮೆಟ್ಟುಗತ್ತಿ

ಎಲ್ಲರಿಗೂ ನಮಸ್ಕಾರ. ಊರು ಹೊಸನಗರ ತಾಲೂಕು, ಓದಿದ್ದು ಬಿಕಾಂ. ಈಗ ಶಿವಮೊಗ್ಗದ ನೆಹರು ರಸ್ತೆಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಶನಿವಾರ ಸಂಜೆ ಬಸ್ಸು ಹತ್ತಿದರೆ ಮನೆ, ಸೋಮವಾರ ಬೆಳಿಗ್ಗೆ ವಾಪಸ್. ಪ್ರೋಗ್ರಾಮಿಂಗ್ ಅಂದರೆ ಎಕ್ಸೆಲ್‌ನಲ್ಲಿ ಮೊತ್ತ ಹಾಕೋದು ಬಿಟ್ಟು ಬೇರೆ ಏನೂ ಗೊತ್ತಿಲ್ಲ.

ಮೊಬೈಲ್ ಆಪ್ ಮಾಡೋದು ಕಲಿಯಬೇಕು ಅಂತ ಒಂದು ವರ್ಷದಿಂದ ಆಸೆ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬ ಜಾವಾ ಕಲಿ ಅನ್ನುತ್ತಾನೆ, ಇನ್ನೊಬ್ಬ ಜಾವಾ ಕಾಲ ಮುಗೀತು ಕೋಟ್ಲಿನ್ ಕಲಿ ಅನ್ನುತ್ತಾನೆ, ಮೂರನೆಯವನು ಎರಡೂ ಬೇಡ ಫ್ಲಟರ್ ಅನ್ನುತ್ತಾನೆ. ಇಲ್ಲೇ ಒಂದು ಕಡೆ ಕೋರ್ಸ್ ಕೇಳಿದೆ. ಮೂರು ತಿಂಗಳಿಗೆ 35,000, ಕೆಲಸ ಗ್ಯಾರಂಟಿ ಅಂದರು. ಯಾವ ಭಾಷೆ ಕಲಿಸುತ್ತೀರಿ ಅಂದರೆ "ಎಲ್ಲಾ" ಅಂದರು. ಹೆದರಿಕೆಯಾಗಿ ಎದ್ದು ಬಂದೆ.

ಲ್ಯಾಪ್‌ಟಾಪ್ ಚಿಕ್ಕಪ್ಪನ ಮಗ ಬಿಟ್ಟು ಹೋದದ್ದು, 4 ಜಿಬಿ ರ‍್ಯಾಮ್. ಆಪ್ ಬರೆಯೋ ಗೂಗಲ್‌ನ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ ಹಾಕಿದೆ. ಅದನ್ನು ತೆರೆಯೋಕೆ ಬಿಟ್ಟು ಎರಡು ಅಕ್ಕಿ ರೊಟ್ಟಿ ತಿಂದು ಬಂದರೂ ಕೆಳಗೆ ಪಟ್ಟಿ ಓಡುತ್ತಲೇ ಇತ್ತು. ಆಮೇಲೆ ಮೌಸೇ ನಿಂತು ಹೋಯಿತು. ಶಿವಮೊಗ್ಗದ ರೂಮಿನಲ್ಲಿ ವೈಫೈ ಇದೆ, ಆದರೆ ಬಿಡುವು ಇರೋದು ಮನೆಯಲ್ಲಿ. ಮನೆಯಲ್ಲಿ ನೆಟ್‌ವರ್ಕ್ ಸಿಗೋದು ದಣಪೆ ಹತ್ತಿರದ ಹಲಸಿನ ಮರದ ಕೆಳಗೆ ಮಾತ್ರ. ಈ ಆಷಾಢದ ಮಳೆಯಲ್ಲಿ ಅಲ್ಲಿ ಕೊಡೆ ಹಿಡಿದು ಕೂತು ಕೋರ್ಸ್ ನೋಡೋದು ಹೇಗೆ ಹೇಳಿ.

ಯಾವ ಭಾಷೆ, ಯಾವ ಕೋರ್ಸ್, ಎಷ್ಟು ತಿಂಗಳು? ನೇರವಾಗಿ ಹೇಳಿ, ಬೈದರೂ ಪರವಾಗಿಲ್ಲ.

ಫ್ಲಟರ್ ಪ್ರೇಮಿ

ಕಣ್ಣು ಮುಚ್ಚಿ ಫ್ಲಟರ್. ಒಂದೇ ಸಲ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಯಿತು. ಕೋಡ್ ಬದಲಿಸಿ ಸೇವ್ ಮಾಡಿದ ಕೂಡಲೇ ಫೋನಿನಲ್ಲೂ ಬದಲಾಗುತ್ತದೆ, ಅದಕ್ಕೆ ಹಾಟ್ ರಿಲೋಡ್ ಅನ್ನುತ್ತಾರೆ. ವಿಎಸ್ ಕೋಡ್ ಅನ್ನೋ ಹಗುರ ಎಡಿಟರ್‌ನಲ್ಲೇ ಬರೆಯಬಹುದು, ಸ್ಟುಡಿಯೋದಷ್ಟು ಭಾರ ಇಲ್ಲ.

ತುಂಗಾ ತೀರ

ಪ್ರೇಮಿಗಳೇ, ನಿಮ್ಮ ಪ್ರೇಮ ಸರಿ. ಆದರೆ ಫ್ಲಟರ್‌ನಲ್ಲಿ ಬರೆದರೂ ಆಂಡ್ರಾಯ್ಡ್ ಆಪ್ ಕಟ್ಟುವಾಗ ಹಿಂದೆ ಓಡೋದು ಕೋಡನ್ನು ಆಪ್ ಆಗಿ ಜೋಡಿಸುವ ಅದೇ ಗ್ರೇಡಲ್ ಅಲ್ವಾ? 4 ಜಿಬಿಯಲ್ಲಿ ಅಲ್ಲೂ ಏದುಸಿರು ಬಿಡುತ್ತದೆ. ಐಫೋನಿಗೆ ಕಟ್ಟಬೇಕು ಅಂದರೆ ಮ್ಯಾಕ್ ಬೇಕೇ ಬೇಕು. ಪಾಪ, ಅವನ ಹತ್ತಿರ ಇರೋದು ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್.

ತಮ್ಮಾ ಮೆಟ್ಟುಗತ್ತಿ, ನಾನು ತೀರ್ಥಹಳ್ಳಿಯವನು, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿಕೊಂಡು ಒಂಬತ್ತು ವರ್ಷ ಆಯಿತು. ನನ್ನ ಲೆಕ್ಕ ಹೇಳುತ್ತೇನೆ, ಹಿಡಿಸಿದರೆ ತಗೋ.

ಜಾವಾದಲ್ಲಿ ಬರೆದ ಹಳೇ ಆಪ್‌ಗಳು ಬೇಕಾದಷ್ಟಿವೆ, ಅದು ಸತ್ತಿಲ್ಲ. ಆದರೆ ಗೂಗಲ್ 2017ರಲ್ಲಿ ಕೋಟ್ಲಿನ್‌ಗೆ ಒಪ್ಪಿಗೆ ಕೊಟ್ಟಿತು, 2019ರಲ್ಲಿ ಇನ್ನು ಮುಂದೆ ಕೋಟ್ಲಿನ್ನೇ ಮೊದಲು ಅಂದಿತು. ಪರದೆ ಕಟ್ಟೋಕೆ ಈಗ ಜೆಟ್‌ಪ್ಯಾಕ್ ಕಂಪೋಸ್ ಇದೆ, ಅದರ 1.0 ಬಂದದ್ದು 2021ರಲ್ಲಿ. ನೀನು ನೋಡಿದ ವಿಡಿಯೋದಲ್ಲಿ ಎಕ್ಸ್‌ಎಂಎಲ್ ಫೈಲ್ ತೆರೆದು ಬಟನ್ ಎಳೆಯುತ್ತಿದ್ದರೆ ಅದು ಹಳೇ ದಾರಿ. ತಪ್ಪಲ್ಲ, ಆದರೆ ಇವತ್ತು ಶುರು ಮಾಡುವವನಿಗೆ ಬೇಡ. ಗೂಗಲ್‌ನದ್ದೇ ‘ಆಂಡ್ರಾಯ್ಡ್ ಬೇಸಿಕ್ಸ್ ವಿತ್ ಕಂಪೋಸ್’ ಅಂತ ಕೋರ್ಸ್ ಇದೆ. ಪುಕ್ಕಟೆ. ಇಂಗ್ಲಿಷಿನಲ್ಲಿದೆ, ಆದರೆ ಓದಿಕೊಂಡು ಮಾಡೋದು, ವಿಡಿಯೋ ಕಡಿಮೆ. ಹಲಸಿನ ಮರದ ಕೆಳಗೂ ನಡೆಯುತ್ತದೆ.

ಲ್ಯಾಪ್‌ಟಾಪ್ ವಿಷಯ. ಸ್ಟುಡಿಯೋ ಒಂದಕ್ಕೇ ಕನಿಷ್ಠ 8 ಜಿಬಿ, ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗೇ ಓಡುವ ನಕಲಿ ಫೋನ್) ಸೇರಿದರೆ 16 ಬೇಕು ಅಂತ ಮಾಡಿದವರೇ ಹೇಳುತ್ತಾರೆ. ಹಾಗಾಗಿ ನಿನ್ನ ಮೌಸ್ ನಿಂತದ್ದು ನಿನ್ನ ದಡ್ಡತನ ಅಲ್ಲ. ಸದ್ಯಕ್ಕೆ ಸ್ಟುಡಿಯೋ ಮುಚ್ಚಿಡು. ಮೊದಲ ತಿಂಗಳು ಕೋಟ್ಲಿನ್ ಪ್ಲೇಗ್ರೌಂಡ್‌ನಲ್ಲಿ ಭಾಷೆ ಕಲಿ. ಬ್ರೌಸರಿನಲ್ಲೇ ನಡೆಯುತ್ತದೆ, ಕೋಡ್ ಓಡೋದು ಅವರ ಸರ್ವರಿನಲ್ಲಿ, ನಿನ್ನ ಲ್ಯಾಪ್‌ಟಾಪಿಗೆ ಏನೂ ತೊಂದರೆ ಇಲ್ಲ. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಿಂಭಾಗ ಬಿಚ್ಚಿಸಿ ಖಾಲಿ ಸ್ಲಾಟ್ ಇದೆಯಾ ನೋಡಿಸು. ಹಳೇ ಯಂತ್ರಕ್ಕೆ 8 ಜಿಬಿಯ ಒಂದು ಕಡ್ಡಿ, ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಒಂದು ಹಾಕಿಸಿದರೆ ಮತ್ತೆರಡು ವರ್ಷ ಓಡುತ್ತದೆ. 35,000 ಅಲ್ಲಿ ಕಟ್ಟೋ ಬದಲು ಅದರಲ್ಲಿ ಸ್ವಲ್ಪ ಇಲ್ಲಿ ಹಾಕು.

ಎಮ್ಯುಲೇಟರ್ ಕಡೆಗೆ ತಲೆ ಹಾಕಲೇ ಬೇಡ. ನಿನ್ನ ಫೋನಿನಲ್ಲೇ ಓಡಿಸು. ಸೆಟ್ಟಿಂಗ್ಸ್‌ಗೆ ಹೋಗಿ ಅಬೌಟ್ ಫೋನ್, ಅದರಲ್ಲಿ ಬಿಲ್ಡ್ ನಂಬರ್, ಅದರ ಮೇಲೆ 7 ಸಲ ಕುಟ್ಟು. ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಹಚ್ಚಬೇಕು. ಆಮೇಲೆ ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪಿನಿಂದ ಆಪ್ ನೇರ ಫೋನಿಗೆ ಹೋಗುತ್ತದೆ.

ಜೋಗದ ಮಳೆ

ಮೇಲಿನವರ ಮಾತಿಗೆ ಒಂದು ಬಾಲ: ಕೇಬಲ್ ನೋಡಿಕೊಳ್ಳಿ. ಬರೀ ಚಾರ್ಜ್ ಆಗುವ ಕೇಬಲ್‌ಗಳೂ ಬರುತ್ತವೆ, ಅದರಲ್ಲಿ ಡೇಟಾ ಹೋಗೋದಿಲ್ಲ. ನಾನು ಎರಡು ದಿನ ಡ್ರೈವರ್ ಹಾಕಿ ತೆಗೆದು ಮಾಡಿದ್ದೇನೆ. ತಪ್ಪು ಇದ್ದದ್ದು ಜಾತ್ರೆಯಲ್ಲಿ ತಂದ ಕೇಬಲ್‌ನಲ್ಲಿ.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ಕೇಳಿದರೆ ಕೋಟ್ಲಿನ್‌ಗೂ ಮೊದಲು ಎಂಐಟಿ ಆಪ್ ಇನ್ವೆಂಟರ್ ಹಿಡಿಯಿರಿ. ಗೂಗಲ್‌ನಲ್ಲಿ 2010ರಲ್ಲಿ ಹುಟ್ಟಿ ಆಮೇಲೆ ಎಂಐಟಿಗೆ ಹೋದದ್ದು. ಕೋಡ್ ಬರೆಯೋದಿಲ್ಲ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸೋದು. ‘ಬಟನ್ ಒತ್ತಿದಾಗ’ ಅನ್ನುವ ತುಂಡಿನ ಹೊಟ್ಟೆಯೊಳಗೆ ‘ಇದನ್ನು ಮಾಡು’ ಅನ್ನುವ ತುಂಡು. ಬ್ರೌಸರಿನಲ್ಲೇ ನಡೆಯುತ್ತದೆ. ಫೋನಿನಲ್ಲಿ ಅವರ ಕಂಪ್ಯಾನಿಯನ್ ಆಪ್ ಹಾಕಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಿಮ್ಮ ಆಪ್ ಅಲ್ಲೇ ಕಾಣುತ್ತದೆ. ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಮಗ್ಗಿ ಕೇಳುವ ಆಪ್ ಮಾಡಿದ್ದಾರೆ. ತಪ್ಪು ಉತ್ತರ ಕೊಟ್ಟರೆ ಅದರಲ್ಲಿ ನಮ್ಮ ಹೆಡ್ ಮಾಸ್ಟರ್ ಕೆಮ್ಮಿದ ಶಬ್ದ ಬರುತ್ತದೆ. ಅದು ನನಗೆ ತಿಳಿದದ್ದು ಹೆಡ್ ಮಾಸ್ಟರ್‌ಗೆ ತಿಳಿದ ಮೇಲೆ.

ತುಂಗಾ ತೀರ

ಮೇಡಂ, ಅದು ಮಕ್ಕಳಿಗೆ ಅಲ್ವಾ. ದೊಡ್ಡವರು ಅಲ್ಲೇ ಕಾಲ ಕಳೆದರೆ ಆಮೇಲೆ ಮತ್ತೆ ಮೊದಲಿಂದ ಕಲಿಯಬೇಕು.

ಜೋಗದ ಮಳೆ

ಮೊದಲಿಂದ ಎಂತಕ್ಕೆ? ‘ಹೀಗಿದ್ದರೆ ಹಾಗೆ ಮಾಡು’, ‘ಇಷ್ಟು ಸಲ ಮಾಡು’, ‘ಈ ಹೆಸರಲ್ಲಿ ಈ ಸಂಖ್ಯೆ ಇಟ್ಟುಕೋ’, ಇದು ಎಲ್ಲಾ ಕಡೆ ಒಂದೇ. ನಿಮ್ಮ ಕೋರ್ಸಿನಲ್ಲಿ ಅವನು ಮೊದಲ ವಾರ ಕಲಿಯೋದು ಸೆಮಿಕೋಲನ್ ಬೇಕಾ ಬೇಡವಾ ಅಂತ. ಇಲ್ಲಿ ಮೊದಲ ಸಂಜೆಯೇ ಫೋನಿನಲ್ಲಿ ಒಂದು ಬಟನ್ ಒತ್ತುತ್ತಾನೆ. ಬಿಕಾಂ ಓದಿದ ಹುಡುಗ, ದಿನವಿಡೀ ಅಂಗಡಿಯಲ್ಲಿ ದುಡಿದು ಬಂದವನು, ಅವನಿಗೆ ಬೇಗ ಏನಾದರೂ ಕಾಣಿಸಬೇಕು.

ತುಂಗಾ ತೀರ

ಕೋಟ್ಲಿನ್‌ನಲ್ಲಿ ಸೆಮಿಕೋಲನ್ ಬೇಡ ಮೇಡಂ. ಆದರೆ ಮಾತು ಒಪ್ಪಿದೆ.

ಹಳೇ ಸೇತುವೆ

ಇಷ್ಟೆಲ್ಲಾ ಎಂತಕ್ಕೆ ಮಾರಾಯರೇ. ಈಗ ಎಐಗೆ ಹೇಳಿದರೆ ಅದೇ ಆಪ್ ಬರೆದು ಕೊಡುತ್ತದೆ. ಕಲಿಯೋದು ಎಲ್ಲಾ ಹಳೇ ಕಾಲದ ಮಾತು.

ಸಾಗರದ ಕಡೆಯವಳು

ಬರೆದು ಕೊಡುತ್ತದೆ, ನಾನೂ ಬರೆಸುತ್ತೇನೆ. ಆದರೆ ಅದು ಕೊಟ್ಟದ್ದನ್ನು ಹಾಗೇ ಅಂಟಿಸಿ ನೋಡಿ. ಒಂದು ಲೈಬ್ರರಿಯ (ಬೇರೆಯವರು ಬರೆದಿಟ್ಟ ಕೋಡ್) ಆವೃತ್ತಿ ಹಳೇದು, ಇನ್ನೊಂದು ಹೊಸದು, ಗ್ರೇಡಲ್ ಇಡೀ ಪುಟ ಕೆಂಪಾಗಿ ಕಾರುತ್ತದೆ. ಆ ಕೆಂಪನ್ನು ಮತ್ತೆ ಅದಕ್ಕೇ ಅಂಟಿಸಿದರೆ ಕ್ಷಮೆ ಕೇಳಿ ಇನ್ನೊಂದು ಕಡೆ ಕೆಡಿಸುತ್ತದೆ. ಯಾವ ಸಾಲು ಎಂತಕ್ಕಿದೆ ಅಂತ ಗೊತ್ತಿದ್ದವರಿಗೆ ಅದು ಒಳ್ಳೆ ಕೈಯಾಳು. ಗೊತ್ತಿಲ್ಲದವರಿಗೆ ಇಬ್ಬರೂ ದಾರಿ ತಪ್ಪಿದವರೇ. ನಾನು ಮಾಡೋದು ಇಷ್ಟು: ಎರರ್ ತೋರಿಸಿ ‘ಇದರ ಅರ್ಥ ಏನು, ಕೋಡ್ ಕೊಡಬೇಡ’ ಅನ್ನುತ್ತೇನೆ. ಆಮೇಲೆ ಕೈಯಲ್ಲೇ ಟೈಪ್ ಮಾಡುತ್ತೇನೆ.

ಮೆಟ್ಟುಗತ್ತಿ ಅವರೇ, ನೀವು ಯಾವ ಭಾಷೆ ಅಂತ ಕೇಳಿದಿರಿ. ಎಂತ ಆಪ್ ಮಾಡುತ್ತೀರಿ ಅಂತ ಎಲ್ಲೂ ಹೇಳಿಲ್ಲ. ಅದು ಹೇಳಿ ಮೊದಲು. ನಾನೂ ಒಂದು ವರ್ಷ ಭಾಷೆ ಹುಡುಕಿಕೊಂಡೇ ಕೂತಿದ್ದೆ. ಅಮ್ಮನ ಹಾಲಿನ ಲೆಕ್ಕ ಆಪ್‌ಗೆ ಹಾಕೋಣ ಅಂತ ಹೊರಟ ದಿನ ಕಲಿಯೋದು ಶುರುವಾಯಿತು. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಅಷ್ಟೇ.

ಆ ಆಪ್‌ನ ಕಥೆಯನ್ನೂ ಹೇಳಿಬಿಡುತ್ತೇನೆ, ಇದು ಯಾವ ಕೋರ್ಸಿನಲ್ಲೂ ಮೊದಲೇ ಹೇಳೋದಿಲ್ಲ. ಕಳೆದ ವರ್ಷ ಏಪ್ರಿಲ್‌ನ ಗುಡುಗು ಮಳೆಯಲ್ಲಿ ಸಿಡಿಲು ಬಡಿದು ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಸುಟ್ಟಿತು. ಕೋಡ್ ಗಿಟ್‌ಹಬ್‌ನಲ್ಲಿ (ಇಂಟರ್ನೆಟ್‌ನಲ್ಲಿ ಕೋಡ್ ಇಡುವ ಜಾಗ) ಇತ್ತು, ಧೈರ್ಯವಾಗಿದ್ದೆ. ಬೇರೆ ಲ್ಯಾಪ್‌ಟಾಪ್ ತಂದು, ಕೋಡ್ ಇಳಿಸಿ, ಅಮ್ಮನ ಫೋನಿಗೆ ಕೇಬಲ್ ಸಿಕ್ಕಿಸಿ ರನ್ ಒತ್ತಿದೆ. ಒಂದು ಡಬ್ಬಿ ಬಂತು, ಇನ್‌ಸ್ಟಾಲ್ ಆಗಲಿಲ್ಲ, ಹಳೇದನ್ನು ತೆಗೆಯಲೇ ಅಂತ. ನಾಲ್ಕು ಸಾಲು ಇತ್ತು, ಓದದೇ ಓಕೆ ಕೊಟ್ಟೆ. ಅಮ್ಮನ ಮೂರು ತಿಂಗಳ ಹಾಲಿನ ಲೆಕ್ಕ ಹೋಯಿತು. ಅಮ್ಮ ಎಂತದೂ ಹೇಳಲಿಲ್ಲ, ಒಳಗೆ ಹೋಗಿ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ ಕಟ್ಟಿ ಬಂದರು.

ಆದದ್ದು ಇಷ್ಟು. ನೀವು ರನ್ ಒತ್ತಿದಾಗ ಸ್ಟುಡಿಯೋ ಆಪ್‌ಗೆ ಒಂದು ಸಹಿ ಹಾಕುತ್ತದೆ. ಆ ಸಹಿಯ ಕೀಯನ್ನು ಅದೇ ಮಾಡಿಕೊಂಡು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಟ್ಟಿರುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಹೊಸ ಕೀ. ಸಹಿ ಬೇರೆ ಆದರೆ ಅದೇ ಹೆಸರಿನ ಆಪ್ ಆದರೂ ಫೋನ್ ಹಳೇದರ ಮೇಲೆ ಕೂರಿಸೋದಿಲ್ಲ. ಇಲ್ಲದಿದ್ದರೆ ಯಾರು ಬೇಕಾದರೂ ನಿಮ್ಮ ಬ್ಯಾಂಕ್ ಆಪ್‌ನ ಹೆಸರಲ್ಲಿ ಅಪ್‌ಡೇಟ್ ಹಾಕಬಹುದಿತ್ತು, ಹಾಗಾಗಿ ಅದು ಸರಿಯೇ. ಆದರೆ ಹಳೇದನ್ನು ತೆಗೆದರೆ ಅದರ ಒಳಗಿನ ಲೆಕ್ಕವೂ ಹೋಗುತ್ತದೆ. ಆದ್ದರಿಂದ ಮನೆಯವರ ಫೋನಿಗೆ ಹಾಕುವ ದಿನ ಸ್ವಂತ ಕೀ ಮಾಡಿಕೊಂಡು, ಅದನ್ನು ಪಾಸ್‌ವರ್ಡ್ ಸಮೇತ ಪೆನ್‌ಡ್ರೈವ್‌ನಲ್ಲಿ ಒಂದು, ಇನ್ನೆಲ್ಲಾದರೂ ಒಂದು ಇಡಿ. ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಮಾತ್ರ ಹಾಕಬೇಡಿ.

ಕೊಪ್ಪದ ಕಾಫಿ

ಐಫೋನ್ ಆಪ್ ಕಲಿಯೋಕೆ ಮ್ಯಾಕ್ ಇಲ್ಲದೇ ಆಗೋದೇ ಇಲ್ವಾ? ನನ್ನ ಹತ್ತಿರ ಐಫೋನ್ ಇದೆ, ಲ್ಯಾಪ್‌ಟಾಪ್ ವಿಂಡೋಸ್.

ತುಂಗಾ ತೀರ

ಆಪಲ್‌ನದ್ದೇ ಭಾಷೆ ಸ್ವಿಫ್ಟ್, ಅದನ್ನು ಬರೆಯೋ ಎಕ್ಸ್‌ಕೋಡ್, ಈ ದಾರಿಯಲ್ಲಿ ಹೋದರೆ ಮ್ಯಾಕ್ ಬೇಕು. ಸುಮ್ನೆ ರುಚಿ ನೋಡೋದಾದರೆ ರಿಯಾಕ್ಟ್ ನೇಟಿವ್, ಎಕ್ಸ್‌ಪೋ ನೋಡಿ. ಜಾವಾಸ್ಕ್ರಿಪ್ಟ್ ಬರೆದು, ಫೋನಿನಲ್ಲಿ ಎಕ್ಸ್‌ಪೋ ಗೋ ಹಾಕಿ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಐಫೋನಿನಲ್ಲೂ ಓಡುತ್ತದೆ. 4 ಜಿಬಿಯವರಿಗೂ ಇದು ಪರವಾಗಿಲ್ಲ, ಗ್ರೇಡಲ್ ಕಾಟ ಇಲ್ಲ. ಆದರೆ ಆಪಲ್ ಅಂಗಡಿಗೆ ಹಾಕಬೇಕು ಅಂದರೆ ವರ್ಷಕ್ಕೆ 99 ಡಾಲರ್, ಪ್ರತಿ ವರ್ಷ. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್.

ಮೆಟ್ಟುಗತ್ತಿ

ಸಾಗರದ ಅಕ್ಕ, ನಿಮ್ಮ ಪ್ರಶ್ನೆಗೆ ಎರಡು ದಿನ ಉತ್ತರ ಹೊಳೆಯಲಿಲ್ಲ. ಆಮೇಲೆ ದೊಡ್ಡಮ್ಮನ ಪುಸ್ತಕ ನೆನಪಾಯಿತು.

ನಮ್ಮಲ್ಲಿ ಕೊಯ್ಲು ಶುರುವಾದರೆ ರಾತ್ರಿ ಅಂಗಳದಲ್ಲಿ ಹನ್ನೆರಡು ಹದಿನಾಲ್ಕು ಜನ ಅಡಿಕೆ ಸುಲಿಯೋಕೆ ಕೂರುತ್ತಾರೆ. ಸುಲಿದದ್ದನ್ನು ತೂಗಿ ದೊಡ್ಡಮ್ಮ ಪುಸ್ತಕಕ್ಕೆ ಬರೆಯುತ್ತಾರೆ. ಯಾರು, ಎಷ್ಟು ಕೆಜಿ, ಮುಂಗಡ ಎಷ್ಟು ಹೋಗಿದೆ. ವಾರಕ್ಕೊಮ್ಮೆ ಬಟವಾಡೆ. ಆ ದಿನ ಮೂರು ಜನ ಕೂತು ಕೂಡಿಸಿದರೂ ಒಬ್ಬರದ್ದು ತಾಳೆಯಾಗೋದಿಲ್ಲ. ಆ ಪುಸ್ತಕವನ್ನೇ ಆಪ್ ಮಾಡಿದರೆ?

ಸಾಗರದ ಕಡೆಯವಳು

ಇದೇ ಬೇಕಾಗಿದ್ದದ್ದು. ಇಂಟರ್ನೆಟ್ ಬೇಡ, ಲಾಗಿನ್ ಬೇಡ, ಸರ್ವರ್ ಬೇಡ. ಎಲ್ಲಾ ಫೋನಿನ ಒಳಗೇ. ಮೂರು ಪರದೆ ಸಾಕು. ಆಪ್ ತೆರೆಯೋ ಮೊದಲು ದೊಡ್ಡಮ್ಮನ ಪಕ್ಕ ಕೂತು ಅವರು ಬರೆಯೋದನ್ನು ನೋಡಿ, ಯಾವುದು ಮೊದಲು ಬರೆಯುತ್ತಾರೆ, ಯಾವುದು ಕೊನೆಗೆ. ಅದನ್ನು ಕಾಗದದಲ್ಲಿ ಗೀಚಿಕೊಳ್ಳಿ.

ತುಂಗಾ ತೀರ

ಒಂದು ಮಾತು ಈಗಲೇ ಕೇಳಿಸಿಕೋ. ಕೆಜಿಯನ್ನು 12.35 ಅಂತ ದಶಾಂಶದಲ್ಲಿ ಇಡಬೇಡ. ದುಡ್ಡನ್ನಂತೂ ಇಡಲೇ ಬೇಡ. ಪ್ಲೇಗ್ರೌಂಡ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡು, 0.30000000000000004 ಬರುತ್ತದೆ. ಕಂಪ್ಯೂಟರ್ ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಡುತ್ತದೆ. ಮೂರನೇ ಒಂದು ಭಾಗ ಬರೆಯೋಕೆ ಹೋದರೆ ನಮಗೆ 0.333 ಅಂತ ಮುಗಿಯೋದೇ ಇಲ್ಲವಲ್ಲ, ಹಾಗೆ ಅದಕ್ಕೆ ಹತ್ತನೇ ಒಂದು ಭಾಗ ಮುಗಿಯೋದಿಲ್ಲ. ತೂಕ ಗ್ರಾಂನಲ್ಲಿ, ದುಡ್ಡು ಪೈಸೆಯಲ್ಲಿ, ಎರಡೂ ಪೂರ್ಣ ಸಂಖ್ಯೆ. ತೋರಿಸುವಾಗ ಮಾತ್ರ ಕೆಜಿ, ರೂಪಾಯಿ ಮಾಡು. ಲೆಕ್ಕ ಬರೆಯುವವನಿಗೆ ಇದನ್ನು ಜಾಸ್ತಿ ಹೇಳಬೇಕಾಗಿಲ್ಲ.

ಹಳೇ ಸೇತುವೆ

ಇದರಿಂದ ಕೆಲಸ ಸಿಗುತ್ತಾ? ಅದು ಹೇಳಿ ಮೊದಲು.

ತುಂಗಾ ತೀರ

ಇದೊಂದರಿಂದಲೇ ಸಿಗೋದಿಲ್ಲ. ಸಂದರ್ಶನಕ್ಕೆ ಬಂದವರಲ್ಲಿ ಹತ್ತರಲ್ಲಿ ಎಂಟು ಜನ ಅದೇ ಹವಾಮಾನ ಆಪ್, ಅದೇ ಟು-ಡೂ ಪಟ್ಟಿ ತೋರಿಸುತ್ತಾರೆ. ಯಾಕೆ ಹೀಗೆ ಮಾಡಿದೆ ಅಂದರೆ ವಿಡಿಯೋದಲ್ಲಿ ಹಾಗಿತ್ತು ಅನ್ನುತ್ತಾರೆ. ಹದಿನಾಲ್ಕು ಜನರ ಬಟವಾಡೆ ನಿಜವಾಗಿ ಮಾಡಿದ ಆಪ್ ತಂದವನ ಹತ್ತಿರ ನಾನು ಒಂದು ಗಂಟೆ ಮಾತಾಡುತ್ತೇನೆ. ಆಮೇಲಿನದ್ದು ಅವನ ಅದೃಷ್ಟ, ನಮ್ಮ ಕಂಪನಿಯ ಬಜೆಟ್.

ಮೆಟ್ಟುಗತ್ತಿ

ಮಧ್ಯೆ ನಾಲ್ಕು ತಿಂಗಳು ಕಾಣೆಯಾಗಿದ್ದೆ, ಕ್ಷಮಿಸಿ. ಏನೇನಾಯಿತು ಅಂತ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಜೋಗದ ಅಕ್ಕ ಹೇಳಿದ ಆಪ್ ಇನ್ವೆಂಟರ್ ಹಿಡಿದೆ. ಮೊದಲ ರಾತ್ರಿಯೇ ಎರಡು ಡಬ್ಬಿ, ಒಂದು ಬಟನ್, ತೂಕಕ್ಕೆ ದರ ಗುಣಿಸಿ ತೋರಿಸಿತು. ರೂಮಿನಲ್ಲಿ ಒಬ್ಬನೇ ಎದ್ದು ಓಡಾಡಿದೆ. ಎರಡು ವಾರದಲ್ಲಿ ಹದಿನಾಲ್ಕು ಜನರ ಪಟ್ಟಿ ಮಾಡೋಕೆ ಹೋದಾಗ ತುಂಡುಗಳ ಬಲೆ ಹೇಗಾಯಿತು ಅಂದರೆ ಯಾವುದು ಯಾವುದಕ್ಕೆ ಸಿಕ್ಕಿಸಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ. ಅಲ್ಲಿಗೆ ಅದು ಸಾಕು ಅನಿಸಿತು. ಆದರೆ ಪ್ಲೇಗ್ರೌಂಡ್‌ಗೆ ಬಂದಾಗ ‘ಇಫ್’ ನೋಡಿ ಹೆದರಿಕೆ ಆಗಲಿಲ್ಲ, ಹಳದಿ ತುಂಡು ಕಣ್ಣ ಮುಂದೆ ಬಂತು.

ಗಣೇಶನ ಹಬ್ಬದ ಹೊತ್ತಿಗೆ ಲ್ಯಾಪ್‌ಟಾಪಿಗೆ 8 ಜಿಬಿ ಕಡ್ಡಿ, ಎಸ್‌ಎಸ್‌ಡಿ ಹಾಕಿಸಿದೆ. ಸ್ಟುಡಿಯೋ ತೆರೆಯೋಕೆ ಈಗ ರೊಟ್ಟಿ ಬೇಡ, ಒಂದು ಲೋಟ ಕಾಫಿ ಸಾಕು. ಗ್ರೇಡಲ್ ಮೊದಲ ಸಲ ಇಳಿಸಿಕೊಳ್ಳೋದನ್ನೆಲ್ಲಾ ರೂಮಿನ ವೈಫೈನಲ್ಲಿ ಮುಗಿಸಿ, ಆಫ್‌ಲೈನ್ ಮೋಡ್ ಹಚ್ಚಿಕೊಂಡು ಊರಿಗೆ ಹೋಗುತ್ತೇನೆ. ಇದು ಗೊತ್ತಿಲ್ಲದೇ ಮೊದಲ ಎರಡು ಭಾನುವಾರ ಹಲಸಿನ ಮರಕ್ಕೇ ಹೋಯಿತು.

ದೀಪಾವಳಿ ಆದ ಮೇಲೆ ದೊಡ್ಡಮ್ಮನ ಫೋನಿಗೆ ಹಾಕಿದೆ. ಸ್ವಂತ ಕೀ ಮಾಡಿ, ಎರಡು ಕಡೆ ಇಟ್ಟು. ಅಕ್ಕ, ನಿಮ್ಮಮ್ಮನ ಪೆನ್ಸಿಲ್ ನೆನಪಿತ್ತು.

ಮೊದಲ ರಾತ್ರಿ ಮೂರು ಸಲ ಮಾನ ಹೋಯಿತು. ಒಂದು, ತೂಕ ಹಾಕದೇ ಬಟನ್ ಒತ್ತಿದರು, ಆಪ್ ಮುಚ್ಚಿಯೇ ಹೋಯಿತು. ಖಾಲಿ ಡಬ್ಬಿಯನ್ನು ಸಂಖ್ಯೆ ಮಾಡೋಕೆ ಹೋಗಿ ಬಿದ್ದದ್ದು. ಸ್ಟುಡಿಯೋದಲ್ಲಿ ಎರರ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಶನ್ ಅಂತ ಬರೆದೇ ಇತ್ತು. ‘ಟು ಇಂಟ್’ ಇದ್ದಲ್ಲಿ ‘ಟು ಇಂಟ್ ಆರ್ ನಲ್’ ಹಾಕಿದೆ, ಸಂಖ್ಯೆ ಅಲ್ಲದಿದ್ದರೆ ಬೀಳೋ ಬದಲು ‘ಏನೂ ಇಲ್ಲ’ ಅನ್ನುತ್ತದೆ.

ಎರಡು, ದೊಡ್ಡಮ್ಮ ಅರ್ಧ ಬರೆದು ಫೋನನ್ನು ಅಡಿಕೆ ಚೀಲದ ಮೇಲೆ ಇಟ್ಟು ತಕ್ಕಡಿ ನೋಡೋಕೆ ಹೋದರು. ಫೋನ್ ಅಡ್ಡ ತಿರುಗಿತು. ಬಂದು ನೋಡಿದರೆ ಬರೆದದ್ದೆಲ್ಲಾ ಖಾಲಿ. ಫೋನ್ ತಿರುಗಿದರೆ ಆಂಡ್ರಾಯ್ಡ್ ಆ ಪರದೆಯನ್ನು ಕೆಡವಿ ಹೊಸದಾಗಿ ಕಟ್ಟುತ್ತದೆ ಅಂತ ಕೋರ್ಸಿನಲ್ಲಿ ಓದಿದ್ದೆ, ಅದು ನನಗಲ್ಲ ಅಂದುಕೊಂಡಿದ್ದೆ. ‘ರಿಮೆಂಬರ್’ ಇದ್ದಲ್ಲೆಲ್ಲಾ ‘ರಿಮೆಂಬರ್ ಸೇವೆಬಲ್’ ಮಾಡಿದೆ, ಈಗ ತಿರುಗಿದರೂ ಬರೆದದ್ದು ಉಳಿಯುತ್ತದೆ.

ಮೂರನೆಯದು ದೊಡ್ಡದು. ಸುಲಿಯುವವರಲ್ಲಿ ಒಂದೇ ಹೆಸರಿನವರು ಇಬ್ಬರಿದ್ದಾರೆ. ನಾನು ಹೆಸರನ್ನೇ ಗುರುತು ಅಂತ ಇಟ್ಟಿದ್ದೆ, ಇಬ್ಬರ ತೂಕವೂ ಒಂದೇ ಖಾತೆಗೆ ಬಿತ್ತು. ದೊಡ್ಡಮ್ಮನ ಪುಸ್ತಕ ತೆರೆದು ನೋಡಿದರೆ ‘ಮೇಲಿನಮನೆ’, ‘ಕೆಳಮನೆ’ ಅಂತ ಚೆನ್ನಾಗಿ ಬರೆದುಕೊಂಡಿದ್ದಾರೆ. ನಾನು ಅದನ್ನು ವಿಳಾಸ ಅಂದುಕೊಂಡು ಬಿಟ್ಟಿದ್ದೆ! ಈಗ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಇದೆ, ಹೆಸರು ಬರೀ ತೋರಿಸೋಕೆ.

ಇನ್ನೊಂದು ತಮಾಷೆ. ಬಟನ್ ಮೇಲೆ ‘ಉಳಿಸು’ ಅಂತ ಹಾಕಿದ್ದೆ. ದೊಡ್ಡಮ್ಮ "ಯಾರಿಗೆ ಉಳಿಸೋದು ಇದು?" ಅಂದರು. ಈಗ ಅದು ‘ಬರ್ಕೋ’. ಕನ್ನಡ ಪದಗಳನ್ನೆಲ್ಲಾ ವ್ಯಾಲ್ಯೂಸ್-ಕೆಎನ್ ಅನ್ನೋ ಫೋಲ್ಡರಿನಲ್ಲಿ ಬೇರೆ ಇಟ್ಟಿದ್ದಕ್ಕೆ ಒಂದು ಕಡೆ ಬದಲಿಸಿದರೆ ಸಾಕಾಯಿತು.

ಜೋಗದ ಮಳೆ

‘ಬರ್ಕೋ’ ಓದಿ ಸ್ಟಾಫ್ ರೂಮಿನಲ್ಲಿ ನಕ್ಕೆ. ಎಲ್ಲರೂ ನೋಡಿದರು.

ಫ್ಲಟರ್ ಪ್ರೇಮಿ

ಪ್ಲೇ ಸ್ಟೋರ್‌ಗೆ ಹಾಕಿ ಮತ್ತೆ. ನಮ್ಮನೆಯಲ್ಲೂ ಬೇಕು.

ಸಾಗರದ ಕಡೆಯವಳು

ಹಾಕೋ ಮೊದಲು ಗೊತ್ತಿರಲಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ನಿಯಮ ಇದೆ: ಕನಿಷ್ಠ 12 ಜನ ಸತತ 14 ದಿನ ನಿಮ್ಮ ಆಪ್‌ನ ಟೆಸ್ಟಿಂಗ್‌ನಲ್ಲಿ ಸೇರಿರಬೇಕು, ಆಮೇಲೆ ಎಲ್ಲರಿಗೂ ಬಿಡೋಕೆ ಅರ್ಜಿ. ಮೊದಲು 20 ಇತ್ತು, 2024ರ ಡಿಸೆಂಬರಿನಲ್ಲಿ 12 ಮಾಡಿದರು. ದುಡ್ಡು ಕೊಟ್ಟರೆ ಟೆಸ್ಟರ್ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಅವರ ಹತ್ತಿರ ಹೋಗಬೇಡಿ. ನಿಮ್ಮ ಅಂಗಳದಲ್ಲೇ ಹದಿನಾಲ್ಕು ಜನ ಇದ್ದಾರಲ್ಲ.

ಮೆಟ್ಟುಗತ್ತಿ

ಅವರಲ್ಲಿ ಆಂಡ್ರಾಯ್ಡ್ ಇರೋದು ಒಂಬತ್ತು ಜನರ ಹತ್ತಿರ ಅಕ್ಕ. ಇನ್ನು ಮೂರು ಜನ ಬೇಕು. ಪ್ರೇಮಿಗಳು ಒಬ್ಬರಾದರು.

ಸದ್ಯಕ್ಕೆ ದೊಡ್ಡಮ್ಮ ಪುಸ್ತಕದಲ್ಲೂ ಬರೆಯುತ್ತಾರೆ, ಆಪ್‌ನಲ್ಲೂ ಬರೆಯುತ್ತಾರೆ. ಕಳೆದ ಬಟವಾಡೆಯಲ್ಲಿ ಎರಡಕ್ಕೂ 40 ರೂಪಾಯಿ ವ್ಯತ್ಯಾಸ ಬಂತು. ಎದೆ ಧಸಕ್ ಅಂತು. ಹುಡುಕಿದರೆ ತಪ್ಪು ಪುಸ್ತಕದ್ದು. ದೊಡ್ಡಮ್ಮ ಮೂರು ಸಲ ಕೂಡಿಸಿ ನೋಡಿ, ಕನ್ನಡಕ ತೆಗೆದಿಟ್ಟು, "ನಿನ್ನ ಪೆಟ್ಟಿಗೆ ಪರವಾಗಿಲ್ಲ" ಅಂದರು.

ಈಗ ಒಂದು ಸಮಸ್ಯೆ ಉಳಿದಿದೆ. ಅವರ ಫೋನಿನಲ್ಲಿ ಅಕ್ಷರ ಎಲ್ಲಕ್ಕಿಂತ ದೊಡ್ಡದು ಮಾಡಿಟ್ಟಿದ್ದಾರೆ. ನನ್ನ ಫೋನಿನಲ್ಲಿ ಸರಿ ಕಾಣುತ್ತದೆ, ಅವರದ್ದರಲ್ಲಿ ಮುಂಗಡದ ಡಬ್ಬಿ ತನಕ ಬಂದು ‘ಬರ್ಕೋ’ ಬಟನ್ ಪರದೆಯಿಂದ ಕೆಳಗೆ ಹೋಗಿಬಿಡುತ್ತದೆ. ಅಕ್ಷರ ಚಿಕ್ಕದು ಮಾಡಿ ಅಂದರೆ ಬೈಯುತ್ತಾರೆ.

ತುಂಗಾ ತೀರ

ಬೈಯೋದು ಸರಿಯೇ. ಅಕ್ಷರ ಅವರಿಗೆ ಬೇಕಾದಷ್ಟು ದೊಡ್ಡದೇ ಇರಲಿ, ಅದನ್ನು ಆಪ್‌ನಿಂದ ತಡೆಯೋಕೆ ಹೋಗಬೇಡ. ಡಬ್ಬಿಗಳು ಇರುವ ಕಾಲಂಗೆ ವರ್ಟಿಕಲ್ ಸ್ಕ್ರಾಲ್ ಹಾಕು, ಬಟನ್ ಒಂದನ್ನು ಮಾತ್ರ ಅದರಿಂದ ಹೊರಗೆ ತೆಗೆದು ಪರದೆಯ ತಳಕ್ಕೆ ಕಟ್ಟು. ಡಬ್ಬಿಗಳು ಮೇಲೆ ಕೆಳಗೆ ಜಾರಲಿ, ‘ಬರ್ಕೋ’ ಅಲ್ಲೇ ಕೂತಿರಲಿ. ಮೊದಲು ನಿನ್ನ ಫೋನಿನಲ್ಲೂ ಅಕ್ಷರ ಅಷ್ಟೇ ದೊಡ್ಡದು ಮಾಡಿಕೊಂಡು ನೋಡು.

ಟೆಸ್ಟಿಂಗ್‌ಗೆ ನನ್ನನ್ನೂ ಸೇರಿಸು. ನಮ್ಮ ತೋಟದಲ್ಲಿ ಇನ್ನೂ ಎರಡನೇ ಕೊಯ್ಲು ಬಾಕಿ ಇದೆ, ಅಪ್ಪನಿಗೆ ಕೊಡುತ್ತೇನೆ.